'ಕಾರ್ಲೋಸ್' ಸಿನಿಮಾ: ಭಯೋತ್ಪಾದಕನ ಬಿಲ್ ಕಟ್ಟಿದ್ದು ಯಾರು?

ಭಯೋತ್ಪಾದಕನೊಬ್ಬನ ಮೇಲೆ ಸಿನಿಮಾ ಬರುತ್ತೆ ಅಂದ್ರೆ ಸಾಕು, ಟ್ರೇಲರ್ ಬಂದ ದಿನವೇ ಜಗಳ ಶುರು. ಅವನನ್ನು ಹೀರೋ ಮಾಡ್ತಿದ್ದಾರೆ ಅಂತ ಒಂದು ಗುಂಪು, ಕಲೆಗೆ ಸ್ವಾತಂತ್ರ್ಯ ಬೇಡವೇ ಅಂತ ಇನ್ನೊಂದು. ಸಿನಿಮಾ ಒಳಗೆ ಏನಿದೆ ಅಂತ ನೋಡುವವರು ಕಡಿಮೆ. ಈ ಜಗಳವನ್ನು ಅರ್ಥ ಮಾಡಿಕೊಳ್ಳೋಕೆ ಫ್ರೆಂಚ್ ನಿರ್ದೇಶಕ ಒಲಿವಿಯೆ ಅಸಾಯಸ್ ಅವರ 'ಕಾರ್ಲೋಸ್' (2010) ಒಳ್ಳೆಯ ಉದಾಹರಣೆ. ಟಿವಿಗಾಗಿ ಮೂರು ಭಾಗಗಳಲ್ಲಿ ಮಾಡಿದ, ಸುಮಾರು ಐದೂವರೆ ಗಂಟೆಯ ಚಿತ್ರ ಇದು.

ಯಾರು ಈ ಕಾರ್ಲೋಸ್?

ನಿಜವಾದ ಹೆಸರು ಇಲಿಚ್ ರಾಮಿರೆಜ್ ಸಾಂಚೆಜ್. ಹುಟ್ಟಿದ್ದು 1949ರಲ್ಲಿ, ವೆನೆಜುವೆಲಾದಲ್ಲಿ. ಅಪ್ಪ ಕಟ್ಟಾ ಮಾರ್ಕ್ಸ್‌ವಾದಿ ವಕೀಲ. ವ್ಲಾದಿಮಿರ್, ಇಲಿಚ್, ಲೆನಿನ್ ಅಂತ ಒಬ್ಬನೇ ನಾಯಕನ ಹೆಸರನ್ನು ಮೂರು ಮಕ್ಕಳಿಗೆ ಹಂಚಿದ್ದ. ಇಲಿಚ್ ಮಾಸ್ಕೋದಲ್ಲಿ ಓದಲು ಹೋಗಿ, ಅಲ್ಲಿಂದ ಉಚ್ಚಾಟನೆಯಾಗಿ, ಪ್ಯಾಲೆಸ್ತೀನಿ ಸಂಘಟನೆ ಪಿಎಫ್‌ಎಲ್‌ಪಿ ಸೇರಿದ. 1975ರ ಜೂನ್‌ನಲ್ಲಿ ಪ್ಯಾರಿಸ್‌ನ ಒಂದು ಫ್ಲ್ಯಾಟ್‌ನಲ್ಲಿ ಇಬ್ಬರು ಗುಪ್ತಚರ ಅಧಿಕಾರಿಗಳನ್ನೂ ಅವರನ್ನು ಅಲ್ಲಿಗೆ ಕರೆತಂದಿದ್ದ ತನ್ನದೇ ಸಹಚರನನ್ನೂ ಕೊಂದ. ಅದೇ ಡಿಸೆಂಬರ್‌ನಲ್ಲಿ ವಿಯೆನ್ನಾದ ಒಪೆಕ್ ಕಚೇರಿಗೆ ನುಗ್ಗಿ, ತೈಲ ಸಚಿವರೂ ಸೇರಿ 60ಕ್ಕೂ ಹೆಚ್ಚು ಜನರನ್ನು ಒತ್ತೆಯಾಗಿ ಹಿಡಿದ.

'ಜಕಾಲ್' ಅನ್ನೋ ಅಡ್ಡಹೆಸರು ಪತ್ರಿಕೆಗಳ ಕೊಡುಗೆ. ಅವನು ಸಾಮಾನು ಇಟ್ಟಿದ್ದ ಲಂಡನ್ ಫ್ಲ್ಯಾಟ್ ಒಂದರಲ್ಲಿ ಫ್ರೆಡರಿಕ್ ಫೋರ್ಸಿತ್ ಬರೆದ 'ದಿ ಡೇ ಆಫ್ ದಿ ಜಕಾಲ್' ಕಾದಂಬರಿ ವರದಿಗಾರನ ಕಣ್ಣಿಗೆ ಬಿತ್ತು. ಅಷ್ಟೇ, ದಂತಕಥೆ ರೆಡಿ.

ಕ್ರಾಂತಿಯಿಂದ ಕಾಂಟ್ರಾಕ್ಟ್‌ಗೆ

ಅಸಾಯಸ್ ಈ ದಂತಕಥೆಯನ್ನು ಬಿಚ್ಚೋದು ದುಡ್ಡಿನ ದಾರಿ ಹಿಡಿದು. ಒಪೆಕ್ ದಾಳಿಯಲ್ಲಿ ಸೌದಿ ಮತ್ತು ಇರಾನ್ ಸಚಿವರನ್ನು ಕೊಲ್ಲಬೇಕು ಅನ್ನೋದು ಮೇಲಿನವರ ಆದೇಶ. ಕೊನೆಗೆ ಅಲ್ಜೀರ್ಸ್‌ನಲ್ಲಿ ಇಬ್ಬರೂ ಜೀವಂತವಾಗಿ ಇಳಿದರು, ಕಾರ್ಲೋಸ್ ಸುರಕ್ಷಿತವಾಗಿ ಹೊರಟ. ಇದು ದುಡ್ಡಿಗಾಗಿ ಕುದುರಿದ ಡೀಲ್ ಅಂತ ಸಿನಿಮಾ ತೋರಿಸುತ್ತೆ. ಆಮೇಲೆ ಅವನ ನಾಯಕ ವಾದಿ ಹದ್ದಾದ್ ಅವನನ್ನು ಹೊರಹಾಕಿದ.

ಅಲ್ಲಿಂದ ಮುಂದೆ ಸರ್ಕಾರಗಳೇ ಅವನ ಗಿರಾಕಿಗಳು. 1981ರಲ್ಲಿ ಮ್ಯೂನಿಕ್‌ನ ರೇಡಿಯೋ ಫ್ರೀ ಯುರೋಪ್ ಕಚೇರಿ ಮೇಲೆ ಅವನ ತಂಡ ಬಾಂಬ್ ದಾಳಿ ಮಾಡಿದ್ದು ಚೌಸೆಸ್ಕುವಿನ ರೊಮೇನಿಯಾಕ್ಕಾಗಿ. ಬುಡಾಪೆಸ್ಟ್, ಪೂರ್ವ ಬರ್ಲಿನ್, ಡಮಾಸ್ಕಸ್‌ನಲ್ಲಿ ಆಶ್ರಯ ಸಿಕ್ತು. 1989ರಲ್ಲಿ ಬರ್ಲಿನ್ ಗೋಡೆ ಬಿದ್ದಾಗ ಅವನ ಮಾರ್ಕೆಟ್ಟೂ ಬಿತ್ತು. ಸಿರಿಯಾ ಹೊರದಬ್ಬಿತು. ಸೂಡಾನ್ 1994ರ ಆಗಸ್ಟ್‌ನಲ್ಲಿ ಅವನನ್ನು ಫ್ರಾನ್ಸ್ ಕೈಗೆ ಒಪ್ಪಿಸಿತು.

ವೆನೆಜುವೆಲಾದವರೇ ಆದ ನಟ ಎಡ್ಗರ್ ರಾಮಿರೆಜ್ ಈ ಇಳಿತವನ್ನು ಮೈಯಲ್ಲೇ ತೋರಿಸ್ತಾರೆ. ಮೊದಲ ಭಾಗದಲ್ಲಿ ಕನ್ನಡಿ ಮುಂದೆ ಬೆತ್ತಲೆ ನಿಂತು ತನ್ನ ಮೈಕಟ್ಟು ನೋಡಿಕೊಳ್ಳುವ ಯುವಕ, ಕೊನೆಯಲ್ಲಿ ಹೊಟ್ಟೆ ಬಂದು, ಯಾರಿಗೂ ಬೇಡವಾಗಿ ಫೋನ್‌ಗೆ ಕಾಯುವ ನಡುವಯಸ್ಕ. ಹಾಗಂತ ಗ್ಲಾಮರ್ ಇಲ್ಲವೇ ಇಲ್ಲ ಅನ್ನೋಕಾಗಲ್ಲ. ಪೋಸ್ಟ್-ಪಂಕ್ ಹಾಡುಗಳ ಜೊತೆ ಮೊದಲ ಎರಡು ಗಂಟೆ ಅವನು ಸ್ಟೈಲಿಶ್ ಆಗಿಯೇ ಕಾಣ್ತಾನೆ. ಆ ಆಕರ್ಷಣೆ ಇಲ್ಲದಿದ್ದರೆ ಅಷ್ಟು ಜನ ಅವನ ಹಿಂದೆ ಹೋದದ್ದು ಯಾಕೆ ಅಂತ ನಮಗೆ ಗೊತ್ತೂ ಆಗುತ್ತಿರಲಿಲ್ಲ.

ಕೋರ್ಟಿಗಿಂತ ಮೊದಲೇ ತೀರ್ಪು?

ಜೈಲಿನಲ್ಲಿದ್ದ ಕಾರ್ಲೋಸ್ ಸುಮ್ಮನಿರಲಿಲ್ಲ. ಪ್ರಸಾರಕ್ಕೆ ಮೊದಲೇ ತನಗೆ ಸಿನಿಮಾ ತೋರಿಸಬೇಕು ಅಂತ ಕೋರ್ಟ್‌ಗೆ ಹೋದ. ಅರ್ಜಿ ವಜಾ ಆಯ್ತು. ಆಮೇಲೆ ಅವನು ಎತ್ತಿದ ಒಂದು ತಕರಾರು ಕೇಳಿ: ವಿಯೆನ್ನಾದ ತನ್ನ ತಂಡವನ್ನು ಕಿರುಚಾಡುವವರಂತೆ ತೋರಿಸಿದ್ದು ತಪ್ಪು, ಅವರು ವೃತ್ತಿಪರರು! ಸತ್ತವರ ಬಗ್ಗೆ ಅಲ್ಲ, ಬ್ರ್ಯಾಂಡ್ ಬಗ್ಗೆ ಚಿಂತೆ.

ಆದರೆ ಅವನ ಕಡೆಯ ಇನ್ನೊಂದು ವಾದಕ್ಕೆ ತೂಕ ಇತ್ತು. ಚಿತ್ರ ಬಂದಾಗ ಅವನಿಗೆ ಫ್ರಾನ್ಸ್‌ನಲ್ಲಿ ಶಿಕ್ಷೆಯಾಗಿದ್ದು 1975ರ ಪ್ಯಾರಿಸ್ ಕೊಲೆಗಳಿಗೆ ಮಾತ್ರ. 1982-83ರ ಬಾಂಬ್ ದಾಳಿಗಳ ತೀರ್ಪು ಬಂದಿದ್ದು 2011ರಲ್ಲಿ. 1974ರ ಪ್ಯಾರಿಸ್ ಗ್ರೆನೇಡ್ ದಾಳಿಯ ತೀರ್ಪು 2017ರಲ್ಲಿ. ಎರಡೂ ಕೇಸಲ್ಲಿ ಜೀವಾವಧಿ. ಅಂದರೆ ಸಿನಿಮಾ ಕೋರ್ಟಿಗಿಂತ ಮುಂದೆ ಓಡಿತ್ತು. ಅದಕ್ಕೇ ಶುರುವಿನಲ್ಲೇ, ಇದರಲ್ಲಿ ಕಲ್ಪನೆ ಬೆರೆತಿದೆ, ವಿಚಾರಣೆ ಮುಗಿದಿರುವುದು ಪ್ಯಾರಿಸ್ ಕೊಲೆಗಳದ್ದು ಮಾತ್ರ ಅಂತ ಹೇಳಿಬಿಡುತ್ತೆ.

ನಮ್ಮಲ್ಲಿ ಇದೇ ಪ್ರಶ್ನೆ ಬೇರೆ ದಾರಿ ಹಿಡಿಯಿತು. 1993ರ ಮುಂಬೈ ಸ್ಫೋಟಗಳ ಕುರಿತ ಅನುರಾಗ್ ಕಶ್ಯಪ್ ಅವರ 'ಬ್ಲ್ಯಾಕ್ ಫ್ರೈಡೇ'ಗೆ 2005ರಲ್ಲಿ ಬಾಂಬೆ ಹೈಕೋರ್ಟ್ ತಡೆ ಕೊಟ್ಟಿತು. ಟಾಡಾ ಕೋರ್ಟ್ ತೀರ್ಪು ಹೇಳಲು ಶುರುಮಾಡಿದ ಮೇಲೆ, 2007ರಲ್ಲಿ ಅದು ಬಿಡುಗಡೆ ಆಯ್ತು. ನನ್ನ ಮಟ್ಟಿಗೆ ಫ್ರಾನ್ಸ್ ದಾರಿಯೇ ಮೇಲು. ತೀರ್ಪಿಗೆ ದಶಕಗಳು ಹಿಡಿಯುವಾಗ ಅಲ್ಲಿಯವರೆಗೂ ಕಥೆಯ ಬಾಯಿ ಮುಚ್ಚೋಕಾಗಲ್ಲ. ಆದರೆ ಒಂದು ಕಾರ್ಡ್ ಹಾಕಿದ ಮಾತ್ರಕ್ಕೆ ಹೊಣೆ ಮುಗಿಯಲ್ಲ. ಒಪೆಕ್ ದಾಳಿಯ ಹಿಂದೆ ಸದ್ದಾಂ ಹುಸೇನ್ ಇದ್ದ ಅಂತ ಚಿತ್ರ ಹೇಳುತ್ತೆ. ದಾಳಿಯಲ್ಲಿ ಭಾಗವಹಿಸಿದ್ದ ಹಾನ್ಸ್-ಯೋಆಖಿಮ್ ಕ್ಲೈನ್ ಬೆರಳು ತೋರಿಸಿದ್ದು ಗದ್ದಾಫಿ ಕಡೆಗೆ. ಪ್ರೇಕ್ಷಕನ ತಲೆಯಲ್ಲಿ ಉಳಿಯೋದು ಕಾರ್ಡ್ ಅಲ್ಲ, ದೃಶ್ಯ.

ಹಾಗಾಗಿ 'ಹೀರೋ ಮಾಡಿದ್ರಾ?' ಅನ್ನೋದಕ್ಕಿಂತ 'ಬಂದೂಕಿಗೆ ದುಡ್ಡು ಕೊಟ್ಟವರನ್ನು ತೋರಿಸಿದ್ರಾ? ಸತ್ತವರನ್ನು ತೋರಿಸಿದ್ರಾ?' ಅಂತ ಕೇಳೋದು ವಾಸಿ. ಮೊದಲನೆಯದರಲ್ಲಿ 'ಕಾರ್ಲೋಸ್' ಚೆನ್ನಾಗಿಯೇ ಪಾಸ್. ಎರಡನೆಯದರಲ್ಲಿ ಇಲ್ಲ. ವಿಯೆನ್ನಾದಲ್ಲಿ ಒಬ್ಬ ಆಸ್ಟ್ರಿಯಾದ ಪೊಲೀಸ್, ಇರಾಕಿನ ಒಬ್ಬ ಭದ್ರತಾ ಸಿಬ್ಬಂದಿ, ಲಿಬಿಯಾ ನಿಯೋಗದ ಒಬ್ಬ ಸದಸ್ಯ ಸತ್ತರು. ಐದೂವರೆ ಗಂಟೆಯಲ್ಲಿ ಆ ಮೂವರಿಗೆ ಸಿಕ್ಕಿದ್ದು ಗುಂಡು ತಗಲುವ ಹೊತ್ತು ಮಾತ್ರ.