ಉಜನಿಯಲ್ಲಿ ದೋಣಿಯ ಸದ್ದು

ಪುಣೆಯಿಂದ ಸೊಲ್ಲಾಪುರದ ದಾರಿಯಲ್ಲಿ ಸುಮಾರು 100 ಕಿಲೋಮೀಟರು ಹೋದರೆ ಭಿಗವಣ. ಉಜನಿ ಅಣೆಕಟ್ಟಿನ ಹಿನ್ನೀರು ಅಲ್ಲಿಯವರೆಗೂ ಹಬ್ಬಿದೆ. ಈ ಭೀಮೆಯೇ ಮುಂದೆ ನಮ್ಮ ಕಲಬುರಗಿ ಸೀಮೆಗೆ ಇಳಿದು ಕೃಷ್ಣೆಯನ್ನು ಕೂಡುವವಳು. ನಮ್ಮ ತವರಿಗೆ ಹೊರಟವಳೆಂದು ನಮಗೆ ಸಲಿಗೆ ಹೆಚ್ಚು.

ಕಳೆದ ಚಳಿಗಾಲ ರಾಜಹಂಸಗಳನ್ನು ನೋಡಲೆಂದು ಮಕ್ಕಳೊಂದಿಗೆ ಹೋದೆವು. ಮೋಟಾರು ದೋಣಿ ಭರದಿಂದ ಸಾಗಿತ್ತು. ಬಲೆಯ ಬೆಂಡುಗಳು ಕಾಣುತ್ತಲೇ ಅಂಬಿಗನು ಯಂತ್ರ ನಿಲ್ಲಿಸಿ ಗಳು ಹಿಡಿದನು.

“ಬಲೆ ನಮ್ಮಣ್ಣನದು, ಸಾಹೇಬರೆ. ಮೋಟಾರು ಹೊಕ್ಕರೆ ಬಲೆಯೂ ಹರಿದೀತು, ಮೀನೂ ಓಡೀತು.”

ಕಿವಿ ಕಾಣದ ಮೀನಿಗೆ ಏನು ಕೇಳೀತು ಎನ್ನುವಿರಾ? ನೀರಿನಲ್ಲಿ ಸದ್ದು ಗಾಳಿಯಲ್ಲಿಗಿಂತ ನಾಲ್ಕು ಪಟ್ಟಿಗೂ ಮೇಲಾದ ವೇಗದಲ್ಲಿ ಓಡುತ್ತದೆ. ಕಾಟ್ಲಾ, ರೋಹುಗಳ ಕುಲದಲ್ಲಿ ಹೊಟ್ಟೆಯೊಳಗಿನ ಗಾಳಿಚೀಲದಿಂದ ಒಳಗಿವಿಗೆ ಪುಟ್ಟ ಎಲುಬುಗಳ ಸಾಲೇ ಇದೆ. ಅಮೆರಿಕದವರು ಗಾಳ ಹಾಕುವ ಬಾಸ್ ಮೀನಿಗೆ ಈ ಅನುಕೂಲವಿಲ್ಲ. ಆದರೂ ದೋಣಿ ಬಂದರೆ ಮೀನು ಕಚ್ಚುವುದೇ ಎಂದು ಅವರಲ್ಲಿ ವಾದ ಮುಗಿಯದು! ದಿನವೂ ಒಂದೇ ಹದದಲ್ಲಿ ಹೋಗುವ ದೋಣಿಗೆ ಮೀನು ಒಗ್ಗುವುದುಂಟು. ತಟ್ಟನೆ ಏರುವ ಮೋಟಾರಿನ ಸದ್ದಿಗೆ ಬೆದರುತ್ತದೆ. ಅದೂ ನೀರು ತೆಳುವಾಗಿದ್ದಲ್ಲಿ ಹೆಚ್ಚು.

ನಮ್ಮಂಥವರು ಕೊಡುವ ಬಾಡಿಗೆಯಿಂದ ತಮ್ಮನ ಒಲೆ ಉರಿಯಬೇಕು, ಬಲೆಯಿಂದ ಅಣ್ಣನದು. ಹೊತ್ತಾಗುವುದೆಂದು ಮೊದಲು ಗೊಣಗಿದವರು ನಾವೇ. ಅದು ನೆನೆದರೆ ಈಗ ನಾಚಿಕೆ. ಮರಳುವಾಗ, “ಗಳುವಿನಿಂದಲೇ ನಡೆಸಪ್ಪ” ಎಂದೆವು. ದಡ ಸೇರಲು ಅರ್ಧ ಗಂಟೆ ಹೆಚ್ಚೇ ಹಿಡಿಯಿತು. ಅಷ್ಟರಲ್ಲಿ ಮಕ್ಕಳು ಚಕ್ಕುಲಿಯ ಡಬ್ಬಿ ಬರಿದು ಮಾಡಿದ್ದರು.