ದುಬಾರಿ ಸ್ಪೀಕರ್: ಬೆಲೆಗೆ ತಕ್ಕ ನಾದವಿದೆಯೇ?

ನಿಪ್ಪಾಣಿಯ ತಂಬಾಕು ವ್ಯಾಪಾರಸ್ಥನು ಚೀಲದ ಮೇಲಿನ ಹೆಸರನ್ನು ನೋಡಿ ಮಾಲು ಕೊಳ್ಳುವುದಿಲ್ಲ. ಎಲೆಯನ್ನು ಕೈಗೆತ್ತಿಕೊಂಡು ಬಣ್ಣ, ವಾಸನೆ, ತೇವಗಳನ್ನು ಪರೀಕ್ಷಿಸಿದ ಅನಂತರವೇ ದರದ ಮಾತಿಗೆ ಬರುತ್ತಾನೆ. ಆದರೆ ಅದೇ ವ್ಯಾಪಾರಸ್ಥನು ಮನೆಯ ಪಡಸಾಲೆಗೆ ಲಕ್ಷಾಂತರ ರೂಪಾಯಿಯ ಸ್ಪೀಕರ್ ಜೋಡಿಯನ್ನು ಕೊಳ್ಳುವಾಗ ಹೆಸರು, ಹೊಳಪು ಹಾಗೂ ಮಾರಾಟಗಾರನ ಮಾತುಗಳಿಗೆ ಒಲಿಯುವುದುಂಟು. ಭೋಜ, ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಭಾಗದವರು ಇಂತಹ ಖರೀದಿಗೆ ಪುಣೆ, ಬೆಂಗಳೂರಿನಂತಹ ದೂರದ ನಗರಗಳಿಗೆ ಹೋಗಬೇಕಾಗುತ್ತದೆ. ತಂದ ಮೇಲೆ ಹಿಡಿಸದಿದ್ದರೆ ಮಣಭಾರದ ಪೆಟ್ಟಿಗೆಗಳನ್ನು ಮರಳಿಸುವುದು ಸುಲಭವಲ್ಲ. ಆದುದರಿಂದ ಹಣ ಕೊಡುವ ಮೊದಲೇ ವಿಚಾರ ಮಾಡುವುದು ಲೇಸು.

ಬೆಲೆಯೊಳಗೆ ಏನೇನಿದೆ?

ಸ್ಪೀಕರ್‌ನಲ್ಲಿ ಮುಖ್ಯವಾಗಿ ನಾಲ್ಕು ಅಂಗಗಳಿವೆ: ಮಂದ್ರ ಸ್ವರಗಳನ್ನು ನುಡಿಸುವ ವೂಫರ್, ತಾರ ಸ್ವರಗಳನ್ನು ನುಡಿಸುವ ಟ್ವೀಟರ್, ಇವೆರಡಕ್ಕೆ ಸಂಕೇತವನ್ನು ಹಂಚಿಕೊಡುವ ಕ್ರಾಸ್‌ಓವರ್, ಇವುಗಳನ್ನು ಹೊತ್ತ ಪೆಟ್ಟಿಗೆ. ವೂಫರ್‌ನ ಚೌಕಟ್ಟನ್ನು ತಗಡಿನಿಂದ ಒತ್ತಿ ಮಾಡಬಹುದು, ಎರಕ ಹೊಯ್ದೂ ಮಾಡಬಹುದು. ಇವೆರಡರ ಖರ್ಚಿನ ಅಂತರವೇನೆಂಬುದು ಬೆಳಗಾವಿಯ ಫೌಂಡ್ರಿ ಉದ್ಯಮಿಗಳಿಗೆ ತಿಳಿಯದ ವಿಷಯವಲ್ಲ. ದೊಡ್ಡ ಅಯಸ್ಕಾಂತ, ಒಳಗೆ ಆಧಾರಪಟ್ಟಿ ಕೊಟ್ಟು ನಡುಗದಂತೆ ಬಲಪಡಿಸಿದ ಪೆಟ್ಟಿಗೆ, ಉತ್ತಮ ಕ್ರಾಸ್‌ಓವರ್ ಬಿಡಿಭಾಗಗಳು ಇವೆಲ್ಲ ನಿಜವಾದ ವೆಚ್ಚಗಳು. ಅವುಗಳ ಫಲವೂ ಕಿವಿಗೆ ಕೇಳಿಸುತ್ತದೆ.

ಉಳಿದ ಪಾಲು ಬೇರೆ ಬಗೆಯದು. ವರ್ಷಕ್ಕೆ ಕೆಲವೇ ಜೋಡಿ ಮಾರುವ ತಯಾರಕನು ಅಚ್ಚು ಹಾಗೂ ಸಂಶೋಧನೆಯ ಖರ್ಚನ್ನು ಆ ಕೆಲವೇ ಜೋಡಿಗಳ ಮೇಲೆ ಹಂಚಬೇಕು. ಅದರ ಮೇಲೆ ಸಾಗಾಟ, ವಿತರಕರ ಲಾಭಾಂಶ, ಜಾಹೀರಾತು, ಹೊರದೇಶದ ಮಾಲಾದರೆ ಆಮದು ಸುಂಕ, ಕೊನೆಗೆ ಶೇ. 18ರ ಜಿಎಸ್‌ಟಿ ಸೇರುತ್ತವೆ. ಎಲ್ಲಕ್ಕೂ ಮೇಲೆ ಹೆಸರಿನ ಬೆಲೆ. 2025ರ ಜೂನ್ ತಿಂಗಳಲ್ಲಿ ಇಟಲಿಯ ಪ್ರಾಡಾ ಸಂಸ್ಥೆಯು ಮಿಲಾನ್ ನಗರದ ಪ್ರದರ್ಶನದಲ್ಲಿ ಕೊಲ್ಹಾಪುರಿ ಚಪ್ಪಲಿಗಳನ್ನು ಹೋಲುವ ಪಾದರಕ್ಷೆಗಳನ್ನು ತಂದಾಗ, ಹೆಸರು ಬದಲಾದರೆ ಬೆಲೆ ಎಷ್ಟು ಬದಲಾಗಬಲ್ಲದೆಂಬುದನ್ನು ಅಥಣಿಯ ಚಪ್ಪಲಿ ತಯಾರಕರು ಕಂಡರು. ಸ್ಪೀಕರ್ ಮಾರುಕಟ್ಟೆಯೂ ಇದಕ್ಕೆ ಹೊರತಲ್ಲ. ಕೋಲ್ಕತ್ತದ ಸೋನೋಡೈನ್, ಪುಣೆಯ ಕೇಡೆನ್ಸ್, ಕೊಚ್ಚಿಯ ರೆಥಮ್‌ನಂತಹ ಭಾರತೀಯ ತಯಾರಕರ ಮಾಲನ್ನೂ ಕೇಳಿ ನೋಡದೆ ವಿದೇಶಿ ಹೆಸರೇ ಶ್ರೇಷ್ಠವೆಂದು ತೀರ್ಮಾನಿಸುವುದು ಸರಿಯಲ್ಲ.

ಕಣ್ಣಿನ ತೀರ್ಪು, ಕಿವಿಯ ತೀರ್ಪು

ಅಮೆರಿಕೆಯ ಹರ್ಮನ್ ಸಂಸ್ಥೆಯ ಫ್ಲಾಯ್ಡ್ ಟೂಲ್ ಹಾಗೂ ಷಾನ್ ಆಲಿವ್ ಎಂಬ ಸಂಶೋಧಕರು 1994ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇಲ್ಲಿ ಉಲ್ಲೇಖನೀಯ. 40 ಮಂದಿ ಕೇಳುಗರಿಗೆ ನಾಲ್ಕು ಬಗೆಯ ಸ್ಪೀಕರ್‌ಗಳನ್ನು ಒಮ್ಮೆ ಪರದೆಯ ಮರೆಯಲ್ಲಿ, ಇನ್ನೊಮ್ಮೆ ಕಣ್ಣಿಗೆ ಕಾಣುವಂತೆ ಇಟ್ಟು ಕೇಳಿಸಲಾಯಿತು. ಕಣ್ಣಿಗೆ ಕಂಡಾಗ ದೊಡ್ಡ, ಬೆಲೆಬಾಳುವ ಸ್ಪೀಕರ್‌ಗಳಿಗೆ ಹೆಚ್ಚಿನ ಅಂಕಗಳು ಬಿದ್ದವು. ಮರೆಯಲ್ಲಿಟ್ಟಾಗ ಆ ಅಂತರ ಕುಗ್ಗಿತು. ಕೇಳಿದವರೆಲ್ಲ ಅದೇ ಸಂಸ್ಥೆಯ ನೌಕರರೆಂಬುದು ಗಮನಾರ್ಹ. 2004ರಲ್ಲಿ ಆಲಿವ್ ಅವರು 70 ಸ್ಪೀಕರ್‌ಗಳನ್ನು ಅಳೆದು, ಎಲ್ಲ ಸ್ವರಗಳನ್ನು ಸಮನಾಗಿ ನುಡಿಸುವ ಹಾಗೂ ಪಕ್ಕದಲ್ಲಿ ಕುಳಿತವರಿಗೂ ಅದೇ ಸಮತೋಲವನ್ನು ಕೊಡುವ ಸ್ಪೀಕರ್‌ಗಳೇ ಮರೆಯ ಪರೀಕ್ಷೆಯಲ್ಲಿ ಮೆಚ್ಚುಗೆ ಪಡೆಯುತ್ತವೆಂದು ತೋರಿಸಿದರು. ಅಳತೆಯಿಂದ ಗುಣವನ್ನು ಬಹುಮಟ್ಟಿಗೆ ತಿಳಿಯಬಹುದು, ಬೆಲೆಚೀಟಿಯಿಂದ ತಿಳಿಯಲಾಗದು.

ಕೋಣೆಯ ಪಾಲು

ಸ್ಪೀಕರ್‌ನಷ್ಟೇ ಕೋಣೆಯೂ ನುಡಿಯುತ್ತದೆ. 4 ಮೀಟರ್ ಉದ್ದದ ಕೋಣೆಯಲ್ಲಿ ಸುಮಾರು 43 ಹರ್ಟ್ಸ್‌ನ ಮಂದ್ರ ಸ್ವರವು ಎದುರುಬದುರಿನ ಗೋಡೆಗಳ ನಡುವೆ ನಿಂತುಬಿಡುತ್ತದೆ. ಗೋಡೆಯ ಬದಿಗೆ ಕುಳಿತವನಿಗೆ ಅದು ಗುಂಯ್ಗುಡುತ್ತದೆ. ನಡುವೆ ಕುಳಿತವನಿಗೆ ಬಹುಮಟ್ಟಿಗೆ ಕೇಳಿಸುವುದೇ ಇಲ್ಲ. ಸ್ಪೀಕರ್‌ಗೆ ಎಷ್ಟೇ ಹಣ ಸುರಿದರೂ ಈ ದೋಷ ಅದರಿಂದ ಹೋಗದು. ಫರಸಿ ಹಾಸಿದ ನೆಲ, ಗಾರೆಯ ಗೋಡೆ, ಕಾಂಕ್ರೀಟ್ ಛಾವಣಿಗಳಿರುವ ಬರಿದಾದ ಪಡಸಾಲೆಯಲ್ಲಿ ಮಾತೇ ಪ್ರತಿಧ್ವನಿಸುತ್ತದೆ. ಅಲ್ಲಿ ಜಮಖಾನೆ, ದಪ್ಪ ಪರದೆ, ಗಾದಿ, ಪುಸ್ತಕದ ಕಪಾಟುಗಳನ್ನಿರಿಸಿ, ಸ್ಪೀಕರ್‌ಗಳನ್ನು ಗೋಡೆಯಿಂದ ಎರಡು ಅಡಿ ಮುಂದಕ್ಕೆ ಸರಿಸಿ, ಕುಳಿತುಕೊಳ್ಳುವ ಜಾಗವನ್ನು ಬದಲಿಸಿ ನೋಡಬೇಕು. ಇಷ್ಟು ಮಾಡಿದರೆ ಸಾಧಾರಣ ಜೋಡಿಯೂ ಬೇರೆಯೇ ಆಗಿ ಕೇಳಿಸುವುದುಂಟು. ದೊಡ್ಡ ಸ್ಪೀಕರ್‌ನ ನಿಜವಾದ ಲಾಭವೆಂದರೆ ಆಳವಾದ ಮಂದ್ರವನ್ನು ಹೆಚ್ಚಿನ ಶಬ್ದದಲ್ಲೂ ವಿಕಾರವಿಲ್ಲದೆ ಕೊಡುವುದು. ವಿಶಾಲ ಪಡಸಾಲೆಗೆ ಅದು ಬೇಕು. 12 ಅಡಿಯ ಕೋಣೆಗೆ ಬಹುಪಾಲು ವ್ಯರ್ಥ.

ಪರೀಕ್ಷಿಸುವ ಕ್ರಮ

ಕಾಗವಾಡದ ನೆರೆಯ ಮೀರಜ್ ತಂಬೂರಿ, ಸಿತಾರ್‌ಗಳ ತಯಾರಿಕೆಗೆ ಪ್ರಸಿದ್ಧವಾದ ಊರು. ಈ ಭಾಗದ ಸಂಗೀತಾಸಕ್ತರ ಕಿವಿಗೆ ತಂಬೂರಿಯ ನಾದ ಪರಿಚಿತ. ಒಂದೇ ತಂತಿ ಮೀಟಿದರೂ ಅದರಲ್ಲಿ ಹಲವು ಉಪಸ್ವರಗಳು ಏಳುವುದರಿಂದ ಸ್ಪೀಕರ್‌ನ ಪರೀಕ್ಷೆಗೆ ಅದು ಉತ್ತಮ ಸಾಧನ. ಸ್ಪೀಕರ್ ಯಾವುದೇ ಸ್ವರವನ್ನು ಉಬ್ಬಿಸಿದರೂ ಅಡಗಿಸಿದರೂ ಕೂಡಲೇ ಗೊತ್ತಾಗುತ್ತದೆ. ತಂಬೂರಿಯೊಂದಿಗೆ ಚಿರಪರಿಚಿತ ಗಾಯಕರ ಕಂಠ ಹಾಗೂ ತಬಲದ ಡಗ್ಗಾ, ಈ ಮೂರನ್ನು ಕೇಳಿದರೆ ಸಾಕು.

ಎರಡು ಜೋಡಿಗಳನ್ನು ಹೋಲಿಸುವಾಗ ಶಬ್ದದ ಮಟ್ಟ ಸಮನಾಗಿರಲೇಬೇಕು. ತುಸು ಜೋರಾಗಿ ನುಡಿಯುವುದೇ ಉತ್ತಮವೆಂದು ಕಿವಿ ಮೋಸಹೋಗುತ್ತದೆ. ಒಂದೇ ಮೊಬೈಲಿನ ಶಬ್ದಮಾಪಕವನ್ನು ಒಂದೇ ಜಾಗದಲ್ಲಿಟ್ಟು ಮಟ್ಟವನ್ನು ಸರಿಹೊಂದಿಸಿಕೊಳ್ಳಬಹುದು. ಬಳಿಕ ನಡುವೆ ತೆಳುವಾದ ಬಟ್ಟೆ ಕಟ್ಟಿಸಿ, ಯಾವುದು ಯಾವ ಬೆಲೆಯದೆಂದು ತಿಳಿಯದೆ ಕೇಳಬೇಕು. ಸಾಧ್ಯವಾದರೆ ಒಂದೆರಡು ದಿನ ಮನೆಯಲ್ಲಿಟ್ಟು ಕೇಳಲು ಅವಕಾಶ ಕೋರಬೇಕು. ಅದಕ್ಕೆ ಒಪ್ಪುವ ಮಾರಾಟಗಾರನು ತನ್ನ ಮಾಲಿನ ಮೇಲೆ ವಿಶ್ವಾಸವುಳ್ಳವನು.

ಕೊನೆಯ ಲೆಕ್ಕ

ತೆರಿಗೆ ಸೇರಿ 5 ಲಕ್ಷ ರೂಪಾಯಿಯ ಜೋಡಿಯಲ್ಲಿ ಸುಮಾರು 76,000 ರೂಪಾಯಿ ಜಿಎಸ್‌ಟಿಯೇ ಇರುತ್ತದೆ. ಮನೆಬಳಕೆಯ ವಸ್ತುವಿಗೆ ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ. ಅಂಗಡಿಯ ಹೆಸರಿನಲ್ಲಿ ಬಿಲ್ ಮಾಡಿಸಿದ ಮಾತ್ರಕ್ಕೆ ಅದು ವ್ಯಾಪಾರದ ಖರ್ಚಾಗದು. ಅದೇ 5 ಲಕ್ಷವನ್ನು ಶೇ. 12ರ ಬಡ್ಡಿಗೆ ತಂದಿದ್ದರೆ ವರ್ಷಕ್ಕೆ 60,000 ರೂಪಾಯಿಯ ಹೊರೆ. ಹಂಗಾಮಿನಲ್ಲಿ ಮಾಲು ಹಿಡಿಯಬೇಕಾದ ಬಂಡವಾಳವು ಪಡಸಾಲೆಯ ಮೂಲೆಯಲ್ಲಿ ಕೂರಬಾರದು. ಆಮದು ಮಾಲಿನ ಪೆಟ್ಟಿಗೆಯ ಮೇಲೆ ಆಮದುದಾರರ ಹೆಸರು, ವಿಳಾಸ ಹಾಗೂ ಗರಿಷ್ಠ ಮಾರಾಟ ಬೆಲೆಗಳಿವೆಯೇ, ದುರಸ್ತಿಯ ಹೊಣೆ ಯಾರದು ಎಂಬುದನ್ನೂ ನೋಡಬೇಕು. ವೂಫರ್‌ನ ಅಂಚು ಫೋಮಿನದಾದರೆ ಕೆಲವು ವರ್ಷಗಳಲ್ಲಿ ಪುಡಿಯಾಗುತ್ತದೆ. ರಬ್ಬರಿನದು ಹೆಚ್ಚು ಬಾಳುತ್ತದೆ.

ಒಟ್ಟಿನಲ್ಲಿ, ಒಂದು ಮಟ್ಟದವರೆಗೆ ಏರಿದ ಬೆಲೆ ನಾದವಾಗಿ ಮರಳುತ್ತದೆ. ಅದರಾಚೆಗೆ ಹೊಳಪು, ಹೆಸರುಗಳಾಗಿ ಮರಳುತ್ತದೆ. ಅವೂ ಬೇಕೆನ್ನುವವರು ತಿಳಿದೇ ಕೊಳ್ಳಲಿ, ಅದರಲ್ಲಿ ತಪ್ಪೇನಿಲ್ಲ. ಆದರೆ ಪರದೆಯ ಮರೆಯಲ್ಲಿ ಎರಡರ ಅಂತರ ಕಿವಿಗೆ ತಿಳಿಯದಿದ್ದರೆ, ಕಡಿಮೆ ಬೆಲೆಯದನ್ನು ಕೊಂಡು ಉಳಿದ ಹಣವನ್ನು ಗಲ್ಲೆಯಲ್ಲಿಡುವುದೇ ವ್ಯಾಪಾರಸ್ಥನಿಗೆ ಒಪ್ಪುವ ಮಾತು.