ಬಿಲದ ಬಾಗಿಲಲ್ಲಿ ನಾಯಿಯ ಪರೀಕ್ಷೆ

ಹುಟ್ಟುಗುಣವನ್ನು ಕಲಿಸಬಹುದೆ? ಮೂವತ್ತು ವರ್ಷಗಳಿಗೂ ಮಿಗಿಲಾಗಿ ಪಾಠಶಾಲೆಯಲ್ಲಿ ಕಾಲ ಕಳೆದ ನಮಗೆ ಈ ಪ್ರಶ್ನೆಯು ಹೊಸದಲ್ಲ. ಆದರೆ ಇದಕ್ಕೆ ಉತ್ತರವು ಮೊಣಕಾಲೆತ್ತರವೂ ಇಲ್ಲದ ಒಂದು ನಾಯಿಯಿಂದ ದೊರೆಯಬಹುದೆಂದು ನಾವು ಎಣಿಸಿರಲಿಲ್ಲ. ಮಗನ ಸಂಸಾರದೊಡನೆ ಕೆಲವು ತಿಂಗಳಿರಲು ಅಮೆರಿಕಾ ದೇಶಕ್ಕೆ ಹೋಗಿದ್ದಾಗ, ನೆರೆಮನೆಯ ವೃದ್ಧ ಸ್ತ್ರೀಯೊಬ್ಬರು ತಮ್ಮ ನಾಯಿಯ ಪರೀಕ್ಷೆಗೆ ನಮ್ಮನ್ನೂ ಕರೆದೊಯ್ದರು. ನಾಯಿಗೂ ಪರೀಕ್ಷೆಯೆ ಎಂದು ವಾಚಕರು ನಗಬಾರದು. ನಾವೂ ಮೊದಲು ನಕ್ಕವರೇ, ಹಿಂದಿರುಗುವಾಗ ನಗಲಿಲ್ಲ.

ಆ ನಾಯಿ ಕೇರ್ನ್ ಟೆರಿಯರ್ ಎಂಬ ಜಾತಿಯದು. ಟೆರಿಯರ್ ಎಂಬ ಶಬ್ದದ ಮೂಲವು ಲ್ಯಾಟಿನ್ ಭಾಷೆಯ 'ಟೆರ್ರಾ', ಅದಕ್ಕೆ ಭೂಮಿಯೆಂದರ್ಥ. ನೆಲದೊಳಕ್ಕೆ ನುಗ್ಗಿ ಬೇಟೆಯನ್ನು ಹಿಡಿದು ನಿಲ್ಲಿಸುವುದೇ ಈ ನಾಯಿಗಳ ಕುಲವೃತ್ತಿ. ಸ್ಕಾಟ್ಲೆಂಡಿನ ಕಲ್ಲುಗುಪ್ಪೆಗಳಿಗೆ ಕೇರ್ನ್ ಎಂದು ಹೆಸರು. ಅವುಗಳ ಸಂದುಗಳಲ್ಲಿ ಅಡಗುವ ಪ್ರಾಣಿಗಳನ್ನು ಹೊರಡಿಸುತ್ತಿದ್ದುದರಿಂದ ಇದಕ್ಕೆ ಆ ಹೆಸರಾಯಿತು. ನಮ್ಮ ಬೆಂಗಳೂರು ಮೈಸೂರುಗಳ ಮನೆಗಳಲ್ಲಿಯೂ ಕಾಣುವ ಗಿಡ್ಡಗಾಲಿನ, ಉದ್ದ ಮೈಯ ಡ್ಯಾಕ್ಸ್‌ಹುಂಡ್ ನಾಯಿಯದೂ ಇದೇ ವೃತ್ತಿ. ಜರ್ಮನ್ ಭಾಷೆಯಲ್ಲಿ ಆ ಹೆಸರಿಗೆ, ಬ್ಯಾಜರ್ ಎಂಬ ಬಿಲವಾಸಿ ಪ್ರಾಣಿಯ ಬೇಟೆನಾಯಿ ಎಂದು ಅರ್ಥ.

ಕಾಲವು ಬದಲಾಗಿ ಆ ಬೇಟೆಯು ಬಹುಮಟ್ಟಿಗೆ ನಿಂತಿತು. ಇಂಗ್ಲೆಂಡಿನಲ್ಲಿ 2004ರ ಕಾಯಿದೆಯು ನಾಯಿಗಳಿಂದ ನರಿಬೇಟೆಯಾಡುವುದನ್ನು ಕೆಲವೇ ವಿನಾಯಿತಿಗಳೊಡನೆ ನಿಷೇಧಿಸಿತು. ಆದರೆ ನಾಯಿಯ ರಕ್ತಕ್ಕೆ ಯಾವ ಕಾಯಿದೆ ತಿಳಿದೀತು? ಆ ಗುಣವು ನಶಿಸದೆ ಉಳಿದಿದೆಯೋ ಇಲ್ಲವೋ ಎಂದು, ಯಾವ ಪ್ರಾಣಿಗೂ ಗಾಯವಾಗದಂತೆ ನೋಡುವುದೇ ಈ ಪರೀಕ್ಷೆಯ ಉದ್ದೇಶ. ಅಮೆರಿಕಾದಲ್ಲಿ ಇದಕ್ಕೆಂದೇ 1971ರಲ್ಲಿ ಒಂದು ಸಂಘವು ಹುಟ್ಟಿತು. 1994ರಿಂದ ಅಮೆರಿಕನ್ ಕೆನಲ್ ಕ್ಲಬ್ ಎಂಬ ದೊಡ್ಡ ಸಂಸ್ಥೆಯೂ ಇದನ್ನು ನಡೆಸುತ್ತಿದೆ.

ಪರೀಕ್ಷೆಯ ಕ್ರಮವು ಹೀಗಿದೆ. ನೆಲವನ್ನು ಅಗೆದು, ಮೂರು ಕಡೆ ಹಲಗೆ ಹೊದಿಸಿ, ಮೇಲೆ ಮಣ್ಣು ಮುಚ್ಚಿದ ಒಂದು ಕೃತಕ ಬಿಲ. ಅದರ ಅಗಲ 9 ಅಂಗುಲ, ಎತ್ತರವೂ 9 ಅಂಗುಲ. ಪರಿಚಯದ ಹಂತದಲ್ಲಿ ಅದು 10 ಅಡಿ ಉದ್ದವಿದ್ದು ಒಂದೇ ತಿರುವುಳ್ಳದ್ದು. ಮುಂದಿನ ಹಂತದಲ್ಲಿ 30 ಅಡಿ ಉದ್ದ, ಮೂರು ತಿರುವು. ಕೊನೆಯಲ್ಲಿ ಭದ್ರವಾದ ಸರಳುಗಳ ಹಿಂದೆ, ಪಂಜರದೊಳಗೆ ಎರಡು ದೊಡ್ಡ ಇಲಿಗಳು. ಬಿಟ್ಟ ಮೇಲೆ ನಾಯಿಯು 30 ಸೆಕೆಂಡುಗಳಲ್ಲಿ ಅಲ್ಲಿಗೆ ಮುಟ್ಟಿ, ಒಂದು ನಿಮಿಷ ಬಿಡದೆ ಬೊಗಳುವುದೋ, ಕೆರೆಯುವುದೋ, ಸರಳು ಕಚ್ಚುವುದೋ ಮಾಡಬೇಕು. ಒಡೆಯನು ಮಾತ್ರ ತುಟಿ ಬಿಚ್ಚದೆ ನಿಂತಿರಬೇಕು. ಇನ್ನೂ ಮೇಲಿನ ಹಂತದಲ್ಲಿ ಬಿಲಕ್ಕೆ ಮೋಸದ ಕವಲೊಂದಿರುತ್ತದೆ. ಅಲ್ಲದೆ ಕೆಲಸ ಮುಗಿದ ಮೇಲೆ ಒಡೆಯನು ಕರೆದರೆ ನಾಯಿಯು 90 ಸೆಕೆಂಡುಗಳೊಳಗೆ ಹೊರಗೆ ಬರಬೇಕು. ನುಗ್ಗುವುದಕ್ಕಿಂತ ಹಿಂದಿರುಗುವುದು ಕಷ್ಟವೆಂಬುದನ್ನು ನಾಯಿ ಸಾಕಿದವರು ಬಲ್ಲರು.

ಸಂಸ್ಕೃತದಲ್ಲಿ 'ವಾಸನಾ' ಎಂದರೆ ಪೂರ್ವದಿಂದ ಮನಸ್ಸಿಗೆ ಅಂಟಿಬಂದ ಸಂಸ್ಕಾರ. ಕನ್ನಡದಲ್ಲಿ ನಾವು ಮೂಗಿಗೆ ಬರುವುದನ್ನೂ ವಾಸನೆಯೆನ್ನುತ್ತೇವೆ. ಈ ನಾಯಿಯಲ್ಲಿ ಎರಡರ್ಥಗಳೂ ಒಂದೇ ಆಗಿವೆ. ಮೂಗಿನ ವಾಸನೆಯು ತಾಗಿದೊಡನೆ ಹುಟ್ಟಿನ ವಾಸನೆಯು ಎಚ್ಚರಗೊಳ್ಳುತ್ತದೆ. ಆದಕಾರಣ ಬೇಟೆಯನ್ನು ಯಾರೂ ಕಲಿಸಬೇಕಾದುದಿಲ್ಲ. ಕಲಿಸಬೇಕಾದುದು ಎರಡೇ: ಕತ್ತಲೆಗೆ ಅಂಜದಿರುವುದು, ಕರೆದರೆ ಬರುವುದು.

ಆ ವೃದ್ಧೆಯರು ಇದನ್ನು ನೋವಿನಿಂದ ಕಲಿತವರು. ನಾಯಿಗೆ ಎಂಟು ತಿಂಗಳಾಗಿದ್ದಾಗ, ಬಿಲದ ಬಾಯಲ್ಲಿ ಅದು ಅನುಮಾನಿಸಿತೆಂದು ಆಕೆ ಹಿಂದಿನಿಂದ ಕೈಯಿಟ್ಟು ಒಳಕ್ಕೆ ತಳ್ಳಿದರಂತೆ. ಅದು ತಿರುಗಲು ಸ್ಥಳವಿಲ್ಲದೆ ಹಿಂದು ಹಿಂದಾಗಿ ತೆವಳಿ ಬಂದು ನಡುಗಿತು. ಅಂದಿನಿಂದ ಮಂಚದ ಕೆಳಗೆ ಸಹ ನುಸುಳದಾಯಿತು. ತಳ್ಳಿದ್ದು ಒಂದು ಕ್ಷಣ; ಅದನ್ನು ಅಳಿಸಲು ಒಂದು ವರ್ಷ ಹಿಡಿಯಿತು. ಮೊದಲು ಎರಡು ಬದಿಯೂ ತೆರೆದ ರಟ್ಟಿನ ಪೆಟ್ಟಿಗೆಯೊಂದನ್ನು ಅಂಗಳದಲ್ಲಿಟ್ಟು, ಅದರೊಳಗೆ ತಿಂಡಿಯನ್ನಿರಿಸಿ ಸುಮ್ಮನೆ ಕುಳಿತರು. ತಿಂಗಳುಗಳ ಮೇಲೆ ಎರಡು ಪೆಟ್ಟಿಗೆ, ಮೂರು ಪೆಟ್ಟಿಗೆ. ಆ ತರುವಾಯ ಒಂದು ತಿರುವು. ಇಲಿಯು ಮಲಗಿದ್ದ ಹುಲ್ಲನ್ನು ದಾರಕ್ಕೆ ಕಟ್ಟಿ ನೆಲದಮೇಲೆ ಎಳೆದು ಜಾಡು ಮಾಡಿದರು. ನಾಯಿಗೆ ಇನ್ನೂ ಬೇಕೆನ್ನಿಸುತ್ತಿರುವಾಗಲೇ ಪ್ರತಿದಿನವೂ ಆಟವನ್ನು ನಿಲ್ಲಿಸಿದರು. ಕರೆದಾಗ ಬಂದರೆ ಬಹುಮಾನ, ಬರದಿದ್ದರೆ ಗದರಿಕೆಯಿಲ್ಲ.

ಪರೀಕ್ಷೆಯ ಬಯಲಿನಲ್ಲಿ ಆಕೆ ನಾಯಿಯನ್ನು ಬಿಟ್ಟರು. ಅದು ಓಡಿ ಬಿಲದ ಬಾಯಲ್ಲಿ ನಿಂತಿತು. ತೀರ್ಪುಗಾರನ ಕೈಯಲ್ಲಿ ಗಡಿಯಾರ ನಡೆಯುತ್ತಿತ್ತು. ಆಕೆಯ ತುಟಿಗಳು ಅಲುಗಿದವು, ಧ್ವನಿ ಹೊರಡಲಿಲ್ಲ. ನಾಯಿಯು ಮೂಸಿತು, ಹಿಂದಿರುಗಿ ಆಕೆಯನ್ನೊಮ್ಮೆ ನೋಡಿತು, ಕೊನೆಗೆ ಒಳಹೊಕ್ಕಿತು. ನಮ್ಮ ಕಾಲ ಕೆಳಗಿನ ನೆಲದೊಳಗಿಂದ ಬೊಗಳುವ ಶಬ್ದವು ಕೇಳಿಸುವ ವೇಳೆಗೆ ನಲವತ್ತು ಸೆಕೆಂಡುಗಳು ಕಳೆದಿದ್ದವು. ನಾಯಿ ನಪಾಸಾಯಿತು. ಆ ತಾಯಿಯಾದರೋ ಅದನ್ನೆತ್ತಿಕೊಂಡು, ಅದರ ಮಣ್ಣಾದ ಮುಖಕ್ಕೆ ಕೆನ್ನೆಯನ್ನೊತ್ತಿ ಕಣ್ಣೀರು ಸುರಿಸಿದರು, ಅದು ದುಃಖದ್ದಲ್ಲ. ಪಂಜರದಲ್ಲಿದ್ದ ಇಲಿಯೊಂದು ಮೀಸೆ ತಿಕ್ಕಿಕೊಳ್ಳುತ್ತಿದ್ದುದನ್ನೂ ನಾವು ನೋಡಿದೆವು. ಆದರೂ ಇಲಿಯ ಮನಸ್ಸನ್ನು ಕೇಳಿದವರಾರು ಎಂಬ ಸಂದೇಹವು ನಮ್ಮನ್ನು ಪೂರ್ತಿ ಬಿಟ್ಟಿಲ್ಲ.

ಅಂದು ರಾತ್ರಿ ನಮಗೆ ಬಹು ಹಿಂದಿನ ಒಬ್ಬ ಹುಡುಗನ ನೆನಪಾಯಿತು. ಏಕಾಂತದಲ್ಲಿ ಅವನು ಶ್ಲೋಕಗಳನ್ನು ಇಂಪಾಗಿ ಹೇಳುತ್ತಿದ್ದನು. ಹತ್ತು ಜನರೆದುರು ನಾಚುತ್ತಿದ್ದನು. ಇನ್‌ಸ್ಪೆಕ್ಟರು ಬಂದ ದಿನ ನಾವು ಅವನ ಭುಜ ಹಿಡಿದು ಮುಂದಕ್ಕೆ ತಳ್ಳಿದೆವು. ಅವನು ಬಾಯಿ ತೆರೆಯಲಿಲ್ಲ. ಮರುದಿನದಿಂದ ಏಕಾಂತದಲ್ಲಿಯೂ ತೆರೆಯಲಿಲ್ಲ. ನಾವು ಅದನ್ನು ಮೊಂಡುತನವೆಂದು ತಿಳಿದೆವು. ಅವನಿಗಾಗಿ ಒಂದು ವರ್ಷವಿರಲಿ, ಒಂದು ವಾರವನ್ನೂ ನಾವು ಅಂಗಳದಲ್ಲಿ ಸುಮ್ಮನೆ ಕುಳಿತು ಕಳೆಯಲಿಲ್ಲ.

ಮನೆಯಲ್ಲಿ ಇಂಥ ನಾಯಿಯನ್ನು ಸಾಕಿರುವ ಗೃಹಸ್ಥರಿಗೆ ಒಂದು ಮಾತು. ಅದು ಹೂವಿನ ಕುಂಡವನ್ನು ಕೆದಕಿದರೆ ದುಷ್ಟತನವೆಂದು ಹೊಡೆಯಬೇಡಿ. ಅದು ತನ್ನ ಹಿರಿಯರ ಕೆಲಸವನ್ನು ಮಾಡುತ್ತಿದೆ. ಹಿತ್ತಲ ಮೂಲೆಯಲ್ಲಿ ಒಂದಿಷ್ಟು ಮರಳು ಹಾಕಿ ಅದಕ್ಕೊಂದು ಸ್ಥಳ ಮಾಡಿಕೊಡಿ. ಹಳೆಯ ರಟ್ಟಿನ ಪೆಟ್ಟಿಗೆಯೊಂದಿದ್ದರೆ ಅದನ್ನೂ ಇಡಿ. ಒಳಕ್ಕೆ ಮಾತ್ರ ತಳ್ಳಬೇಡಿ. ಮಕ್ಕಳಿರುವ ಮನೆಯವರು ಈ ಕಡೆಯ ಮಾತನ್ನು ಎರಡು ಸಲ ಓದಬೇಕೆಂದು ನಮ್ಮ ಬಿನ್ನಹ.